ಇಂಪ್ರೂವ್ ರಾಯರು

ಪ್ರತಿ ಬಡಾವಣೆಗೂ ಒಬ್ಬ ಇಂಪ್ರೂವ್ ರಾಯರು ಇದ್ದೇ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಅವರು ಗೌಡರೋ ಶೆಟ್ಟರೋ ಆಗಿರಬಹುದು, ಲಕ್ಷಣ ಮಾತ್ರ ಒಂದೇ. ಏನನ್ನೇ ತೋರಿಸಿದರೂ ಮೊದಲು "ಪರವಾಗಿಲ್ಲ" ಅನ್ನುತ್ತಾರೆ. ಅರೆಗಳಿಗೆ ತಡೆದು, "ಆದ್ರೆ ಇನ್ನೂ ಇಂಪ್ರೂವ್ ಮಾಡ್ಬೋದಿತ್ತು" ಅನ್ನುತ್ತಾರೆ. ತೋರಿಸಿದವನ ಮುಖ ಆ ಅರೆಗಳಿಗೆಯಲ್ಲೇ ಬಾಡಿರುತ್ತದೆ.

ನಮ್ಮ ರಾಯರದು ಮೈಸೂರು. ಮನೆ ಇರುವುದು ಹಿಂದಿನ ಟ್ರಸ್ಟ್ ಬೋರ್ಡಿನವರು ಹಂಚಿದ ಸೈಟಿನಲ್ಲಿ. ಪ್ಲೇಗಿಗೆ ತತ್ತರಿಸಿದ್ದ ಊರನ್ನು ಹಸನು ಮಾಡಲೆಂದು 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಬೆಂಗಳೂರಿಗೆ ಅಂಥದ್ದು ಬಂದದ್ದು 1945ರಲ್ಲಿ. ಬೆಂಗಳೂರಿನ ಬೀಗರು ಬಂದಾಗಲೆಲ್ಲ ರಾಯರು ಈ ಎರಡು ಇಸವಿಗಳನ್ನು ಕೋಸಂಬರಿಯ ಜೊತೆಗೇ ಬಡಿಸುತ್ತಾರೆ. ಆಮೇಲೆ ಬೋರ್ಡು ಹೋಗಿ ಮುಡಾ ಬಂತು, ಹೆಸರಿನಿಂದ ಇಂಪ್ರೂವ್‌ಮೆಂಟ್ ಕಳಚಿಬಿತ್ತು. ಅಂದಿನಿಂದ ಆ ಖಾತೆಯನ್ನು ರಾಯರೇ ವಹಿಸಿಕೊಂಡಿದ್ದಾರೆಂದು ನನ್ನ ಗುಮಾನಿ.

ಕಾರ್ಖಾನೆಯ ನೌಕರಿಯಲ್ಲಿದ್ದಾಗ ಅವರಿಗೆ ಕೈಜೆನ್ ಹಿಡಿಯಿತು. ಜಪಾನಿನ ಮಸಾಕಿ ಇಮಾಯಿ 1986ರಲ್ಲಿ ಪುಸ್ತಕ ಬರೆದು ಲೋಕಕ್ಕೆಲ್ಲ ಹಬ್ಬಿಸಿದರಲ್ಲ, ದಿನಾ ಚೂರುಚೂರೇ ತಿದ್ದುತ್ತ ಹೋಗುವ ಪದ್ಧತಿ, ಅದು. ಕಾರ್ಖಾನೆಯಲ್ಲಿ ಅದಕ್ಕೊಂದು ಸಲಹಾ ಪೆಟ್ಟಿಗೆ ಇತ್ತು, ಪೆಟ್ಟಿಗೆಗೊಂದು ಬೀಗವೂ ಇತ್ತು. ರಿಟೈರಾದ ಮೇಲೆ ಬೀಗವೊಂದು ಅಲ್ಲೇ ಉಳಿಯಿತು.

ಮೊದಲ ಬಲಿ ಕಾಫಿ ಫಿಲ್ಟರು. ತೂತು ದೊಡ್ಡದಾಯಿತೆಂದು ತಳಕ್ಕೆ ಮಲ್ಲು ಬಟ್ಟೆ ಹಾಸಿದರು. ಡಿಕಾಕ್ಷನ್ ಗಟ್ಟಿಯಾದದ್ದು ನಿಜ, ಬೆಳಗಿನ ಕಾಫಿ ಬಂದದ್ದು ಹನ್ನೊಂದಕ್ಕೆ. ಇಳಿಯುವ ವೇಗ ಇಂಪ್ರೂವ್ ಆಗಲೆಂದು ಮೊಮ್ಮಗನ ಸೈಕಲ್ ಪಂಪು ತಂದರು. ಅಡುಗೆಮನೆಯ ಗೋಡೆಗೆ ಅವತ್ತಿನ ಬಣ್ಣ ಇನ್ನೂ ಇದೆ. ಅವರ ಮನೆಯವರು ಹಳೇ ಫಿಲ್ಟರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ಯಜಮಾನರು ವಾಕಿಂಗಿಗೆ ಹೊರಟ ಕೂಡಲೇ ತೆಗೆಯುತ್ತಾರೆ. ರಾಯರ ಆರೋಗ್ಯದ ದೃಷ್ಟಿಯಿಂದ ವಾಕಿಂಗ್ ಇನ್ನೂ ಎರಡು ಸುತ್ತು ಹೆಚ್ಚಬೇಕೆಂದು ಆಕೆ ಒತ್ತಾಯಿಸುವುದೂ ಉಂಟು.

ಕಿವಿಗೊಟ್ಟು ಕೇಳಿದರೆ ಅವರ ವ್ಯಾಕರಣ ಹತ್ತುತ್ತದೆ. ಇಂಪ್ರೂವ್ 'ಮಾಡುವವರು' ರಾಯರು, 'ಆಗಬೇಕಾದವರು' ಮಿಕ್ಕವರು. ಪುರೋಹಿತರ ಉಚ್ಚಾರ ಆಗಬೇಕು, ಪಕ್ಕದ ಮನೆಯ ಗೇಟಿನ ಕಿರುಗುಟ್ಟುವಿಕೆ ಆಗಬೇಕು, ಐಸಿಯುನಲ್ಲಿ ಮಲಗಿದ ಗೆಳೆಯ ನಿನ್ನೆಗಿಂತ ಆಗಿದ್ದಾನೆ, ಆದರೆ ಸಾಲದು. ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆ-1, 2, 3 ಎಂದು ಮೂರು ಸಲ ಬರೆದು ಅಂಕ ಹೆಚ್ಚಿಸಿಕೊಳ್ಳಬಹುದೆಂಬ ನಿಯಮ ಬಂದಾಗ ಸೊಸೆಯ ಸಾರಿಗೂ ಅದನ್ನೇ ಅನ್ವಯಿಸಿದರು. ಸೊಸೆ ಜಾಣೆ. ಒಂದೇ ಸಾರನ್ನು ಮೂರು ಬಟ್ಟಲಿಗೆ ಹಾಕಿ ಒಂದೊಂದಾಗಿ ತಂದಿಟ್ಟಳು. ಮೂರನೆಯದನ್ನು ಸುರಿದುಕೊಂಡ ರಾಯರು, "ನೋಡಮ್ಮ, ಹೇಳಿದ್ದಕ್ಕೆ ಎಷ್ಟು ಇಂಪ್ರೂವ್ ಆಯ್ತು!" ಎಂದರು.

ಮನುಷ್ಯ ಕೆಟ್ಟವರಲ್ಲ. ನಮ್ಮ ಬೀದಿಯ ದೀಪ ಉರಿಯುತ್ತಿದ್ದರೆ ಅದು ಅವರ ಅರ್ಜಿಗಳ ಪುಣ್ಯ. ಒಮ್ಮೆ ಉರಿದ ದೀಪದ ಎತ್ತರದ ಬಗ್ಗೆಯೂ ಅರ್ಜಿ ಹಾಕದೇ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಕ್ರಿಯಾಪದ ಅವರ ಕಡೆಗೇ ತಿರುಗಿದ್ದು ಡಾಕ್ಟರ ಶಾಪಿನಲ್ಲಿ.

"ಶುಗರ್ ಇನ್ನೂ ಇಂಪ್ರೂವ್ ಆಗ್ಬೇಕಲ್ಲ ರಾಯರೇ."

"ನಿಮ್ಮ ಟೋಕನ್ ಪದ್ಧತೀನೂ ಆಗ್ಬೇಕು ಡಾಕ್ಟ್ರೇ. ಒಂದು ಗಂಟೆ ಕೂರಿಸಿದ್ರಿ."

ಡಾಕ್ಟರು ನಕ್ಕು, ಬರೆದು ಕೊಡಿ ಎಂದರು. ರಾಯರು ಎರಡು ಹಾಳೆ ಬರೆದು ಕೊಟ್ಟರು. ಮುಂದಿನ ತಿಂಗಳು ಹೋದಾಗ ಪದ್ಧತಿ ನಿಜಕ್ಕೂ ಬದಲಾಗಿತ್ತು. ಸಾಲು ಸರಾಗವಾಗಿ ಸಾಗುತ್ತಿತ್ತು, ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುತ್ತಿರಲಿಲ್ಲ. ಸಲಹೆ ಕೊಡುವವರಿಗೆ ಹೆಚ್ಚು ಹೊತ್ತು ಬೇಕಾಗುತ್ತದೆಂದು ಕೌಂಟರಿನ ಹುಡುಗಿ ರಾಯರಿಗೆ ಕೊನೆಯ ಟೋಕನ್ ಕೊಟ್ಟಳು.