ಅತ್ತಿ ಏನಂದ್ರು?

ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆಯ ಉದ್ಯಾನದಲ್ಲಿ ಸಂಜೆ ಸೇರುವ ತಾಯಂದಿರ ಮಾತಿಗೆ ಆರಂಭವುಂಟು, ಮುಕ್ತಾಯವಿಲ್ಲ. “ನಿನ್ನೆ ನಮ್ಮ ಅತ್ತಿ ಏನಂದ್ರು ಗೊತ್ತೇನ್ರಿ...” ಎಂದು ವಿದ್ಯಾನಗರದ ಗೆಳತಿ ಶುರುಮಾಡಿದಳು. ನಾವೆಲ್ಲ ಕಿವಿ ನಿಮಿರಿಸಿದೆವು. “ಏ, ಮಣ್ಣ ತಿನ್ನಬ್ಯಾಡ! ಉಗಳು, ಉಗಳು!” ಇದು ಅತ್ತೆ ಅಂದದ್ದಲ್ಲ ಎಂದು ನಮಗೆ ಹೊಳೆಯುವಷ್ಟರಲ್ಲಿ ಅವಳು ಜಾರುಬಂಡಿಯ ಬುಡದಲ್ಲಿದ್ದಳು. ಅವಳು ಮರಳಿ ಬಂದಾಗ ನಾನಿರಲಿಲ್ಲ; ನನ್ನ ಮಗ ಯಾರದೋ ಬಿಸ್ಕೀಟು ಕಸಿದುಕೊಂಡು ಓಡಿದ್ದ.

ಇಂಥ ಅರ್ಧಂಬರ್ಧ ವಾಕ್ಯಗಳಲ್ಲೇ ನಮ್ಮ ಗೆಳೆತನ ನಡೆದಿದೆ. ಒಬ್ಬಳ ಗಂಡನಿಗೆ ವರ್ಗವಾಗಿದೆ. ಬಳ್ಳಾರಿಗೋ ಬೆಳಗಾವಿಗೋ ತಿಳಿಯದು. ನಾನು ಕೇಳಿಸಿಕೊಂಡದ್ದು ‘ಬ್’ ತನಕ ಮಾತ್ರ.

ಬಾಣಂತನದಲ್ಲಿ ಮಾತಿಗೆ ಬರವಿರಲಿಲ್ಲ. ತವರಿನಲ್ಲಿ ಕಿವಿಗೆ ಸ್ಕಾರ್ಫ್ ಬಿಗಿಸಿಕೊಂಡು, ಅಂಟಿನುಂಡಿ ತಿನ್ನುತ್ತ, ಲೋಬಾನದ ಹೊಗೆಯಲ್ಲಿ ಕೂತರೆ, ಕೂಸಿನ ಮೂಗು ಯಾರ ಕಡೆಯದೆಂದು ತೀರ್ಮಾನಿಸಲು ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಒಂದು ಗಳಿಗೆ ಒಬ್ಬಳೇ ಇದ್ದರೆ ಸಾಕೆನಿಸುತ್ತಿತ್ತು. ಐದನೇ ತಿಂಗಳಿಗೆ ತೊಟ್ಟಿಲು ಸಮೇತ ಗಂಡನ ಫ್ಲ್ಯಾಟಿಗೆ ಬಂದೆ. ಏಕಾಂತ ಸಿಕ್ಕಿತು; ಎರಡೇ ದಿನಕ್ಕೆ ಬೇಡವಾಯಿತು. ಇನ್ನು ನೌಕರಿಯವರಿಗೆ, 2017ರ ಕಾಯ್ದೆ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದು ದೊಡ್ಡ ಉಪಕಾರವೇ. ಆದರೆ 27ನೇ ವಾರದಿಂದ ತಾನು ಹೇಗಿರಬೇಕೆಂದು ಕೂಸಿಗೆ ಯಾರೂ ತಿಳಿಸಿಲ್ಲ. ಐವತ್ತು ಜನ ದುಡಿಯುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತು. ನಮ್ಮ ಗುಂಪಿನ ನೌಕರಿಯವರೆಲ್ಲ ಹತ್ತಿಪ್ಪತ್ತು ಜನರ ಕಚೇರಿಯವರು.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ತನ್ನದೇ ದಾರಿಯುಂಟು, ಒಳಗೆ ಎಸಿ ಬೇರೆ. ಅಲ್ಲಾದರೂ ಮಾತು ಮುಗಿಸೋಣವೆಂದು ಒಮ್ಮೆ ಧಾರವಾಡಕ್ಕೆ ಹೊರಟೆವು. ನವನಗರ ದಾಟುವುದರೊಳಗೆ ಮಕ್ಕಳು ನಿದ್ದೆಹೋದರು. “ಈಗ ಹೇಳ್ರಿ, ಅತ್ತಿ ಏನಂದ್ರು?” ಅಂದೆ. ಕಣ್ಣು ಬಿಟ್ಟಾಗ ಧಾರವಾಡದ ಜುಬಿಲಿ ಸರ್ಕಲ್. ನಾವೂ ಮಲಗಿಬಿಟ್ಟಿದ್ದೆವು.

ಮಣ್ಣು, ಬಿಸ್ಕೀಟು ಎಲ್ಲ ಮರೆತು ನಾವು ಪೂರ್ತಿ ಆಡುವ ಮಾತೊಂದೇ: ಒಂದನೇ ಕ್ಲಾಸಿನ ವಯಸ್ಸು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ನಿಯಮ. 2025ರಲ್ಲಿ ಆ ಒಂದು ವರ್ಷದ ಮಟ್ಟಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಆಗಿನಿಂದ ಉದ್ಯಾನದಲ್ಲಿ ಎಲ್ಲರೂ ಬೆರಳು ಮಡಚುವವರೇ. ಇನ್ನೂ ಹಲ್ಲು ಬಾರದ ಕೂಸಿನ ತಾಯಿಯೂ ಎಣಿಸುತ್ತಾಳೆ, ಪಾಪ. ಹಾಗೆ ಎಣಿಸುವಾಗಲೇ ಮೊನ್ನೆ ವಿದ್ಯಾನಗರದವಳ ವಾಕ್ಯ ಪೂರ್ತಿಯಾಯಿತು. ಅವಳ ಮಗ ಹುಟ್ಟಿದ್ದು ಜೂನ್ 2ಕ್ಕೆ. ಅತ್ತೆ ಅಂದದ್ದು ಇಷ್ಟು: “ಒಂದ್ ದಿನ ಮೊದ್ಲ ಹಡದಿದ್ರ ನಿನ್ನ ಗಂಟೇನ್ ಹೋಗ್ತಿತ್ತವಾ?”

ನಾವು ನಕ್ಕ ನಗೆಗೆ ಮಕ್ಕಳೇ ಆಟ ನಿಲ್ಲಿಸಿ ನೋಡಿದರು. ಅವಳೂ ನಕ್ಕಳು, ಕಣ್ಣೊರೆಸಿಕೊಂಡಳು. ಆ ನೀರು ನಗೆಯದೋ ಬೇರೆಯದೋ ಎಂದು ಕೇಳಬೇಕೆನ್ನುವಷ್ಟರಲ್ಲಿ ಯಾರದೋ ಮಗು ಉಯ್ಯಾಲೆಯಿಂದ ಬಿತ್ತು.

ಮನೆಗೆ ಬಂದರೆ ಯಜಮಾನರ ಪ್ರಶ್ನೆ: “ಎರಡ್ ತಾಸು ಅದೇನ್ ಮಾತಾಡ್ತೀರಿ?”

“ಮಾತೆಲ್ಲಿ ಆಡ್ತೀವ್ರಿ?” ಎನ್ನುತ್ತ ಮಗನ ಚಡ್ಡಿ ಕೊಡವಿದೆ. ಅರ್ಧ ಪಾವು ಮರಳು ಬಿತ್ತು.