ಲ್ಯಾಬಿನ 14ನೇ ಕಂಪ್ಯೂಟರಿಗೆ ಒಂದು ಬಹಿರಂಗ ಪತ್ರ

ಮುಸುಕಿನೊಳಗಿರುವ 14ನೇ ನಂಬರಿನ ಕಂಪ್ಯೂಟರ್ ಸಾಹೇಬರಿಗೆ,

ಇಳಕಲ್ಲಿನ ಬಿಸಿಎ ವಿದ್ಯಾರ್ಥಿಯ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಎಲ್ಲರೂ ಕ್ಷೇಮ. ತಮ್ಮ ಹಾಗೂ ತಮ್ಮ ಯುಪಿಎಸ್ಸಿನ ಕ್ಷೇಮಕ್ಕೆ ಪತ್ರ ಬರೆಯುವುದು.

ಮೂರು ವರ್ಷದಿಂದ ತಮ್ಮ ದರ್ಶನಕ್ಕೆ ಬರುತ್ತಿದ್ದೇನೆ. ಹುನಗುಂದ ದಾಟಿ, ಅಮೀನಗಡದ ಕರದಂಟನ್ನು ಬಸ್ಸಿನ ಕಿಟಕಿಯಿಂದ ಕಣ್ಣಲ್ಲೇ ತಿಂದು, ಬಾಗಲಕೋಟೆ ನವನಗರದಲ್ಲಿ ಇಳಿದು, ಚಪ್ಪಲಿ ಹೊರಗೆ ಬಿಟ್ಟು ಒಳಬಂದರೆ ತಾವು ಪ್ಲಾಸ್ಟಿಕ್ ಹೊದ್ದು ಮಲಗಿರುತ್ತೀರಿ. ಗುಡಿಯಲ್ಲಾದರೂ ಮಂಗಳಾರತಿ ಹೊತ್ತಿಗೆ ಪರದೆ ಸರಿಯುತ್ತದೆ. ತಮ್ಮ ಮುಸುಕು ಸರಿದದ್ದು ಆಯುಧಪೂಜೆಗೆ. ಅಂದು ಹಚ್ಚಿದ ಕುಂಕುಮ ಎಂಟರ್ ಕೀಲಿಯ ಸಂದಿಗಿಳಿದು ಕೂತಿದೆ. “ಸರ್, ಎಂಟರ್ ಹೊಡದ್ರ ಒಳಗ ಹೋಗವಲ್ದು” ಎಂದೆ. “ದೇವರ ಕುಂಕುಮ, ತಗೀಬ್ಯಾಡ” ಎಂದರು.

ಹೀಗಾಗಿ ಜಾವಾವನ್ನು ನೀಲಿ ಪೆನ್ನಿನಲ್ಲಿ ಕಲಿತೆ. ಜರ್ನಲಿನ ಬಲಪುಟದಲ್ಲಿ ಪ್ರೋಗ್ರಾಂ, ಎಡಪುಟದಲ್ಲಿ ಪೆನ್ಸಿಲಿನಿಂದ ಔಟ್‌ಪುಟ್. ಎಂದೂ ಓಡದ ಪ್ರೋಗ್ರಾಮಿಗೆ ಅಷ್ಟು ಮುದ್ದಾದ ಔಟ್‌ಪುಟ್! ಒಂದೇ ಒಂದು ಅಂಕ ಹೋಯಿತು, ಅದೂ ಮಾರ್ಜಿನ್ ಹಾಕದ್ದಕ್ಕೆ.

ತಮ್ಮನ್ನು ಪಕ್ಕದ ಟೇಬಲ್ಲಿಗೆ ಸರಿಸಿದರೆ ಕಿಟಕಿಯ ಬಿಸಿಲು ತಪ್ಪೀತು ಎಂದು ಅರ್ಜಿ ಕೊಟ್ಟೆವು. ಮೂವರ ಸಹಿ ಬೇಕಂತೆ. ಆಲಮಟ್ಟಿಯ ಹಿನ್ನೀರಿಗೆ ಮನೆ, ಅಂಗಡಿ ಬಿಟ್ಟುಕೊಟ್ಟು ಅರ್ಧ ಊರೇ ಎದ್ದು ಬಂದು ಸೆಕ್ಟರ್ ನಂಬರುಗಳಲ್ಲಿ ನೆಲೆಸಿದ ಜಾಗವಿದು. ತಾವು ಮಾತ್ರ ಮೂರಡಿ ಜರುಗಲಿಲ್ಲ.

ಬಾದಾಮಿಯ ಗೆಳೆಯನ ತಕರಾರು ಬೇರೆ. “ನಮ್ಮೂರ ಮೂರನೇ ಗವಿಯಾಗ ಮಂಗಲೇಶ 578ರಾಗ ಕಲ್ಲಿನ ಮ್ಯಾಲೆ ಸೇವ್ ಮಾಡಿದ್ದು ಇನ್ನೂ ಓಪನ್ ಆಕ್ಕೈತಿ. ನಿನ್ನೆ ಪೆನ್‌ಡ್ರೈವಿನಾಗ ಹಾಕಿದ್ದು ಇವತ್ತಿಲ್ಲ!”

ಸಾಹೇಬರೇ, ತಮ್ಮ ವಂಶಾವಳಿ ನಮಗೆ ಐದು ಮಾರ್ಕಿನ ಪ್ರಶ್ನೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ತೂತಿನ ಕಾರ್ಡುಗಳಿಂದ ಮಗ್ಗದಲ್ಲಿ ಚಿತ್ತಾರ ಬಿಡಿಸಿದ. ಆ ಉಪಾಯವನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ತಂದ. ಅಂದರೆ ತಾವು ನೇಕಾರರ ಮನೆಯ ಮೊಮ್ಮಗ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು, ಸೀರೆಯ ಮೈಯ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುತ್ತಿದ್ದರು. ಎಳೆ ಮೇಲೆ, ಎಳೆ ಕೆಳಗೆ; ತಮ್ಮ ಸೊನ್ನೆ, ಒಂದು ಇನ್ನೇನು? ಒಂದೆಳೆ ತಪ್ಪಿದರೆ ಅವರ ಬೆರಳಿಗೆ ಗೊತ್ತಾಗುತ್ತದೆ. ನನಗೆ ಸೆಮಿಕೋಲನ್ ತಪ್ಪಿದ್ದು ಗೊತ್ತಾಗಬೇಕಾದರೆ ಮೊದಲು ತಾವು ಎಚ್ಚರಾಗಬೇಕು.

ಅಪ್ಪ ಕೈ ನಿಲ್ಲಿಸಿ, “ನಮ್ಮ ಮನಿ ಮೊಮ್ಮಗಾ ಅಂತೀ, ಪ್ಲಾಸ್ಟಿಕ್ ಯಾಕ ಹೊಚ್ಚೀರಿ? ಚಿಕ್ಕಿಪರಾಸ ದಡಿದು ಒಂದು ಹೊದಿಕಿ ನೇಯ್ದು ಕೊಡ್ತೀನಿ, ಅಳತಿ ತಗೊಂಡು ಬಾ” ಎಂದಿದ್ದಾರೆ.

ಅಳತೆ ತೆಗೆಯಲಿಕ್ಕಾದರೂ ಒಮ್ಮೆ ಮುಸುಕು ಸರಿಸಲು ಅಪ್ಪಣೆಯಾಗಬೇಕು.

ಇಂತಿ ತಮ್ಮ ವಿಧೇಯ,
ಬಿಸಿಎ ಕೊನೆಯ ವರ್ಷ, ಬಾಗಿಲ ಬಳಿಯ ಬೆಂಚು