ಪೂರ್ವ ಬೆಂಗಳೂರಿನ ಕಡಲತೀರ ಮತ್ತು ಅಲ್ಲಿನ ಚಿಪ್ಪುಗಳು

ಸ್ಕ್ಯಾಲಪ್ ಚಿಪ್ಪನ್ನು ಗುರುತಿಸಿ ಕೂಡಿಡುವ ಶಾಸ್ತ್ರದಲ್ಲಿ ಪೂರ್ವ ಬೆಂಗಳೂರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಮಂಗಳೂರಿಗೆ ಹೋದರೂ ಚೆನ್ನೈಗೆ ಹೋದರೂ 350 ಕಿಲೋಮೀಟರ್ ಆಸುಪಾಸು ಎಂಬ ಕ್ಷುಲ್ಲಕ ಆಕ್ಷೇಪವೇ ಇದಕ್ಕೆ ಕಾರಣ. ಈ ಪೂರ್ವಪಕ್ಷದ ಖಂಡನೆ ಹೀಗಿದೆ.

ಶಿವಾಜಿನಗರ ಪಂಥದವರು 1927ರ ರಸೆಲ್ ಮಾರ್ಕೆಟ್ಟಿಗೆ ಹೋಗಿ ಮೀನಂಗಡಿಯಲ್ಲಿ ಚೌಕಾಸಿ ಮಾಡುತ್ತಾರೆ. ಅದು ಖರೀದಿ, ಸಂಗ್ರಹವಲ್ಲ. ಇಂದಿರಾನಗರ ಪಂಥದವರು 100 ಅಡಿ ರಸ್ತೆಯ ಹೋಟೆಲಿನ ತಟ್ಟೆಯಿಂದ ಎತ್ತಿ ಟಿಶ್ಯೂನಲ್ಲಿ ಸುತ್ತಿ ತರುತ್ತಾರೆ. ಬಿಲ್ಲು ನೋಡಿದರೆ ಅದೂ ಖರೀದಿಯೇ. ಗಣೇಶನನ್ನು ಬಿಟ್ಟ ಮರುದಿನ ಹಲಸೂರು ಕೆರೆಯ ಬಳಿ ಸಿಗುವ ತೆಂಗಿನ ಚಿಪ್ಪು ಸಸ್ಯಶಾಸ್ತ್ರಜ್ಞರ ಪಾಲು. ನಮಗೆ ಮಾನ್ಯವಾದದ್ದು ಕೆ.ಆರ್.ಪುರ ಪಂಥ ಒಂದೇ: ತೀರವೆಂದರೆ ಮರಳು, ಮರಳೆಂದರೆ ಕಟ್ಟುತ್ತಿರುವ ಮನೆಯ ಮುಂದಿನ ರಾಶಿ.

ಈ ತೀರಕ್ಕೂ ಉಬ್ಬರವಿಳಿತವಿದೆ. ರಾತ್ರಿ ಎರಡಕ್ಕೆ ಲಾರಿ ಬಂದು ಸುರಿದರೆ ಉಬ್ಬರ. ಅದು ಚಂದ್ರನನ್ನಲ್ಲ, ಪೊಲೀಸರನ್ನು ಅನುಸರಿಸುತ್ತದೆ. ಬಾಂಡ್ಲಿಗಳು ತುಂಬತೊಡಗಿದರೆ ಇಳಿತ. ಓರೆಯಾಗಿ ನಿಲ್ಲಿಸಿದ ಜರಡಿಯ ಬುಡವೇ ಶೋಧಕ್ಕೆ ಪ್ರಶಸ್ತ. ಪ್ಲಾಸ್ಟರಿಂಗ್‌ಗೆಂದು ಮರಳು ಎರಚಿದಂತೆಲ್ಲ ಕಲ್ಲಿನ ಜೊತೆ ಚಿಪ್ಪೂ ಉರುಳಿ ಬೀಳುತ್ತದೆ. ಈ ಕ್ಷೇತ್ರದ ಹಿರಿಯ ವಿದ್ವಾಂಸರೆಲ್ಲ ಹತ್ತು ವರ್ಷದೊಳಗಿನವರು. ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದಾಗ ಕ್ಷೇತ್ರಕಾರ್ಯಕ್ಕೆ ಇಳಿಯುತ್ತಾರೆ. ಬೆಕ್ಕುಗಳು ಅವರಿಗಿಂತ ಮೊದಲೇ ಬಂದು ಹೋಗಿರುತ್ತವೆ, ಎಚ್ಚರ.

ಲಕ್ಷಣ ವಿಚಾರ. ಸ್ಕ್ಯಾಲಪ್ಪಿಗೆ ಬುಡದಲ್ಲಿ, ಕೀಲಿನ ಎರಡೂ ಪಕ್ಕ, ಕಿವಿಗಳಿರುತ್ತವೆ. ಗೀರುಗಳು ಅಲ್ಲಿಂದ ಬೀಸಣಿಗೆಯಂತೆ ಅಂಚಿಗೆ ಹರಡುತ್ತವೆ. ರಾಶಿಯಲ್ಲಿ ಸಿಗುವ ಉಗುರಿನಗಲದ ಚಿಪ್ಪಿಗೆ ಕಿವಿಯಿಲ್ಲ, ಗೀರುಗಳು ಅಂಚಿಗೆ ಸಮಾನಾಂತರವಾಗಿ ಸುತ್ತುತ್ತವೆ: ಅದು ಕಾರ್ಬಿಕ್ಯುಲಾ. ಸ್ಕ್ರೂ ಮೊಳೆಯಂತೆ ನೀಳವಾಗಿ ತಿರುಚಿದ್ದು ಮೆಲನಾಯ್ಡಿಸ್, ಶಂಖದ ಕಡೆಯ ಬಡ ಸಂಬಂಧಿ. ಎರಡೂ ಹೊಳೆಯವು, ಏಕೆಂದರೆ ಮರಳು ಹೊಳೆಯದು. ಸಿಹಿನೀರಿನಲ್ಲಿ ಬದುಕುವ ಸ್ಕ್ಯಾಲಪ್ ಲೋಕದಲ್ಲೇ ಇಲ್ಲ. ಹೀಗಾಗಿ ಈ ತೀರದಲ್ಲಿ ದೊರೆತ ಸ್ಕ್ಯಾಲಪ್‌ಗಳ ಸಂಖ್ಯೆ ಸೊನ್ನೆ. ಸಿಗದಿರುವುದೂ ಫಲಿತಾಂಶವೇ, ಇದಕ್ಕಿಂತ ಕಡಿಮೆಗೆ ಪಿಎಚ್‌.ಡಿ. ಸಂದದ್ದುಂಟು.

ನಗರದಲ್ಲಿ ನಿಸ್ಸಂದೇಹವಾಗಿ ಕಾಣಸಿಗುವ ಸ್ಕ್ಯಾಲಪ್ ಒಂದಿದೆ: ಶೆಲ್ ಪೆಟ್ರೋಲ್ ಬಂಕಿನ ಫಲಕದ ಮೇಲಿನದು. ಹಳದಿ ಮೈ, ಕೆಂಪು ಅಂಚು, ರಾತ್ರಿ ಹೊಳೆಯುವ ಸ್ವಭಾವ. 1897ರಲ್ಲಿ ಲಂಡನ್ನಿನಲ್ಲಿ ಕಂಪನಿ ಹುಟ್ಟುಹಾಕಿದವರ ತಂದೆ ಪೂರ್ವದೇಶಗಳ ಚಿಪ್ಪಿನ ವ್ಯಾಪಾರಿಯಾಗಿದ್ದರು. 1901ರ ಮೊದಲ ಲಾಂಛನ ಬೇರೆಯೇ ಜಾತಿಯ ಚಿಪ್ಪು, 1904ರಲ್ಲಿ ಸ್ಕ್ಯಾಲಪ್ ಬಂತು. ಇದನ್ನು ಸಂಗ್ರಹಿಸಲು ಏಣಿ ಬೇಕು, ಆಮೇಲೆ ಜಾಮೀನು ಬೇಕು.

ಈಗ ಇದ್ದ ತೀರವೂ ಹೋಯಿತು. ಎಲ್ಲೆಲ್ಲೂ ಎಂ-ಸ್ಯಾಂಡ್, ಅಂದರೆ ಕ್ರಷರಿನಲ್ಲಿ ಪುಡಿಯಾದ ಕಲ್ಲು. ಇಲ್ಲಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಚಿಪ್ಪಿರುವ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ. ಎಷ್ಟು ಜರಡಿ ಹಿಡಿದರೂ ಏನು ಸಿಕ್ಕೀತು? ಆದ್ದರಿಂದ ಮುಂದಿನ ಸಂಶೋಧಕರು, ಅಪಾರ್ಟ್‌ಮೆಂಟಿಗೆಂದು ಕೆಡವುತ್ತಿರುವ ಹಳೆಯ ಮನೆಗಳ ಗಾರೆ ಹೆಂಟೆಗಳನ್ನು ಒಡೆದು ನೋಡತಕ್ಕದ್ದು. ವಾಚ್‌ಮನ್ ಗದರಿದರೆ ಶಾಸ್ತ್ರ ವಿವರಿಸಲು ಹೋಗಬಾರದು. ಟೂ ಬಿಎಚ್‌ಕೆ ಎಷ್ಟಾಗುತ್ತಣ್ಣಾ ಎಂದು ಕೇಳಿದರೆ ಸಾಕು, ಕುರ್ಚಿ ಹಾಕುತ್ತಾನೆ.